ಕೆರೆಹಿಂದಿನ ಕಡುಬು

ಶ್ರಾವಣದ ಒಂದು ಭಾನುವಾರ ತೀರ್ಥಹಳ್ಳಿಯ ನನ್ನ ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಅಕ್ಕ ಒಲೆಯ ಮುಂದೆ, ನನ್ನ ಹೆಂಡತಿ ಸಾವಿತ್ರಿ ಕಾಯಿ ತುರಿಯುತ್ತ ಅವಳ ಪಕ್ಕದಲ್ಲಿ, ಭಾವ ಹೊಸ್ತಿಲ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರು ಓದುತ್ತ, ನಾನು ಕೆಲಸವಿಲ್ಲದೆ ಕಂಬಕ್ಕೆ ಒರಗಿ. ಅಕ್ಕ ಕಡುಬಿನ ಪಾತ್ರೆಯ ಮುಚ್ಚಳ ತೆಗೆದಳು. ಹಬೆಯ ಜೊತೆಗೆ ಅರಿಶಿನ ಎಲೆ ಬೆಂದ ವಾಸನೆ ಎದ್ದು ಕೋಣೆಯನ್ನೆಲ್ಲ ತುಂಬಿತು.

"ಬಿಸಿಬಿಸಿ ತಿನ್ನು," ಎಂದು ಅಕ್ಕ ಎಲೆ ಬಿಡಿಸಿ ಎರಡು ಕಡುಬು ತಟ್ಟೆಗೆ ಹಾಕಿ ಕೊಟ್ಟಳು.

ನಾನು ತಟ್ಟೆಯನ್ನು ಭಾವನ ಕೈಗೆ ದಾಟಿಸಿದೆ.

"ಎಂತಾ ಧಿಮಾಕು ನೋಡೆ ನಿನ್ನ ಗಂಡಂದು! ಹೋಟ್ಲು ಇಟ್ಟೋರಿಗೆ ಮನೆ ತಿಂಡಿ ಹಿಡ್ಸಲ್ಲ ಕಾಣ್ತದೆ," ಎಂದಳು ಅಕ್ಕ ಸಾವಿತ್ರಿಗೆ.

"ಅವರು ಅದನ್ನ ತಿನ್ನಲ್ಲ ಅತ್ತಿಗೆ. ಬಿಡಿ," ಎಂದಳು ಸಾವಿತ್ರಿ.

"ಯಾಕಂತೆ?"

ಕಡುಬು ಆರುವುದರೊಳಗೆ ಹೇಳಿ ಮುಗಿಸುವ ಸಂಗತಿ ಅದಲ್ಲ.

ನನ್ನದು ಹೊಸನಗರದಿಂದ ತೀರ್ಥಹಳ್ಳಿಗೆ ಬರುವ ರಸ್ತೆಯ ಮೇಲೆ, ಕಲ್ಲುಕೊಪ್ಪ ಎಂಬ ಸಣ್ಣ ಊರಿನ ಸರ್ಕಲ್ಲಿನಲ್ಲಿ ಒಂದು ಹೋಟೆಲು. ಹೋಟೆಲು ಅಂದರೆ ನಾಲ್ಕು ಬೆಂಚು, ಒಂದು ಗಾಜಿನ ಕಪಾಟು, ಚಾದ ಪಾತ್ರೆ. ಎದುರಿಗೆ ಖಾಸಗಿ ಬಸ್ಸು ನಿಲ್ಲುವ ಜಾಗ. ಸ್ವಲ್ಪ ಮೇಲೆ ಹೋದರೆ ಸರ್ಕಾರಿ ಹೈಸ್ಕೂಲು. ಆ ಹೈಸ್ಕೂಲಿಗೆ ಒಂದು ಮಳೆಗಾಲದಲ್ಲಿ ಹೊಸ ಕಾರ್ಯಕ್ರಮ ಬಂತು. ಮಕ್ಕಳು ಬರೀ ನೌಕರಿ ನೌಕರಿ ಎಂದು ಕಾಯಬಾರದು, ಸ್ವಂತ ಉದ್ಯೋಗದ ಕಡೆ ಒಲವು ಹುಟ್ಟಬೇಕು, ಅದಕ್ಕೆ ಶನಿವಾರದ ಕೊನೆಯ ಪೀರಿಯಡ್ಡು ಮೀಸಲು. ಹೊಣೆ ಹೊತ್ತವರು ಸಮಾಜ ಪಾಠ ಮಾಡುವ ಪ್ರಭಾಕರ ಮೇಷ್ಟ್ರು. ಅವರಿಗೆ ವ್ಯಾಪಾರ ಮಾಡಿ ಗೊತ್ತಿರುವ ಒಬ್ಬ ಮನುಷ್ಯ ಬೇಕಾಯಿತು. ಸಿಮೆಂಟಿನಂಗಡಿಯವರಿಗೆ ಪುರುಸೊತ್ತಿಲ್ಲ, ಔಷಧಿ ಅಂಗಡಿಯವರಿಗೆ ನಾಚಿಕೆ. ಕೊನೆಗೆ ನನ್ನ ಹೋಟೆಲಿಗೆ ಬಂದು ಚಾ ಕುಡಿದು, "ಮಂಜಣ್ಣ, ನೀವು ಮಾತಾಡ್ತೀರಿ ಚೆನ್ನಾಗಿ. ಬನ್ನಿ," ಎಂದರು.

ನಾನು ಓದಿದ್ದು ಏಳನೇ ಕ್ಲಾಸು. ಮಾತು ಕಲಿತದ್ದು ಅಜ್ಜಿಯ ಹತ್ತಿರ, ಅಪ್ಪನ ಹತ್ತಿರ, ಮಳೆ ಹಿಡಿದ ದಿನ ಚಾದ ಲೋಟ ಹಿಡಿದು ಮೇಲೇಳದೆ ಕೂರುವ ಮುದುಕರ ಹತ್ತಿರ. ಮೊದಲ ಶನಿವಾರ ಮಕ್ಕಳೆಲ್ಲ ಎದ್ದುನಿಂತು "ನಮಸ್ತೇ ಸಾರ್" ಎಂದು ಕೂಗಿದಾಗ ಬೆನ್ನು ಬೆವರಿತು.

"ಸಾರ್ ಗೀರ್ ಬ್ಯಾಡ ಮಕ್ಕಳೇ. ಸಾರು ನಾನು ಬಡಿಸೋದು. ಮಂಜಣ್ಣ ಅನ್ನಿ," ಎಂದೆ. ನಕ್ಕರು. ಆಮೇಲೆ ಹೆದರಿಕೆ ಹೋಯಿತು.

ಪ್ರಭಾಕರ ಮೇಷ್ಟ್ರು ಬೋರ್ಡಿನ ಮೇಲೆ ಬಂಡವಾಳ, ಮಾರುಕಟ್ಟೆ, ಗ್ರಾಹಕರ ಅಭಿರುಚಿ ಎಂದು ದುಂಡಗೆ ಬರೆದಿದ್ದರು. ನಾನು ಅದನ್ನು ಅಳಿಸದೆ ಅದರ ಪಕ್ಕದಲ್ಲಿ ನಿಂತು ನನಗೆ ಗೊತ್ತಿದ್ದದ್ದು ಹೇಳಿದೆ. ಹಾಲು ಒಡೆದ ದಿನ ಹೋಟೆಲಿನವನ ಮುಖ ಹೇಗಿರಬೇಕು, ಬಸ್ಸು ತಡವಾದರೆ ವಡೆ ಯಾವಾಗ ಬಾಣಲೆಗೆ ಬಿಡಬೇಕು, ಇಂಥವು. ಹೇಳಿದ್ದರಲ್ಲಿ ಒಂದು ಮಾತು ನನ್ನ ಅಪ್ಪನದು. "ಗಿರಾಕಿಯ ಬಾಯಿ ನೋಡ್ಬೇಡಿ. ತಟ್ಟೆ ನೋಡಿ. ಬಹಳ ಚೆನ್ನಾಗಿದೆ ಅಂತ ಹೊಗಳಿದವ ಅರ್ಧ ಬಿಟ್ಟು ಹೋಗಿರ್ತಾನೆ. ಇದೂ ಒಂದು ತಿಂಡಿಯಾ ಅಂತ ಬೈದವ ತಟ್ಟೆ ಒರೆಸಿ ತಿಂದಿರ್ತಾನೆ. ಯಾವತ್ತೂ ತಟ್ಟೆನೇ ನಿಜ ಹೇಳೋದು."

ಮಕ್ಕಳು ಇದನ್ನು ಬರೆದುಕೊಂಡರು. ನನ್ನ ಅಪ್ಪ ಬದುಕಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

"ಏನಾದ್ರೂ ಕೇಳೋದಿದ್ಯಾ?" ಎಂದೆ. ಹುಡುಗರು ನೆಲ ನೋಡಿದರು. ಕಿಟಕಿ ಪಕ್ಕದ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಒಂಬತ್ತನೇ ಕ್ಲಾಸಿನ ಪಲ್ಲವಿ. ಎಣ್ಣೆ ಹಾಕಿ ಬಿಗಿದು ಹೆಣೆದ ಎರಡು ಜಡೆ, ಕೆಸರು ಹಾರಿದ ಯೂನಿಫಾರಮ್ಮು.

"ಸಂಜಿಗೆ ಉಳಿದಿದ್ದು ಏನ್ಮಾಡ್ತೀರಿ ಮಂಜಣ್ಣ?"

ನಾನು ಮೇಷ್ಟ್ರ ಮುಖ ನೋಡಿದೆ. ಲಾಭ ಎಷ್ಟು ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಉಳಿದದ್ದರ ಬಗ್ಗೆ ಕೇಳುವವರು ವ್ಯಾಪಾರ ಮಾಡುವವರು ಮಾತ್ರ. "ನೀನೇನು ಮಾಡ್ಬೇಕಂತಿದ್ದಿ ಹುಡುಗಿ?" ಎಂದೆ.

"ಕಡುಬಿನ ಅಂಗಡಿ ಇಡ್ತೀನಿ. ಬಸ್‌ಸ್ಟಾಂಡಲ್ಲಿ. ಅರಿಶಿನ ಎಲೆ ಕಡುಬು ನಮ್ಮ ಅಜ್ಜಿ ಮಾಡಿದಂಗೆ ಯಾರೂ ಮಾಡಲ್ಲ. ಹತ್ತನೇ ಕ್ಲಾಸ್ ಆದ್ಮೇಲೆ ಅಡಿಕೆ ಸುಲಿಯೋಕೆ ಬಾ ಅಂತಾರೆ. ನಾನು ಹೋಗಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪಲ್ಲವಿ ತಿರುಗಿ ನೋಡಲಿಲ್ಲ.

ಆಮೇಲೆ ಮೇಷ್ಟ್ರನ್ನು ಕೇಳಿದೆ. ಅವರು ಧ್ವನಿ ತಗ್ಗಿಸಿ, "ಕೆರೆಹಿಂದಿನ ಹುಡುಗಿ," ಎಂದರು. ನಮ್ಮ ಕಡೆ ಜಾತಿಯ ಹೆಸರನ್ನು ಬಾಯಿಬಿಟ್ಟು ಹೇಳುವುದು ಒರಟುತನ. ದಿಕ್ಕು ಹೇಳುತ್ತೇವೆ. ಕಲ್ಲುಕೊಪ್ಪದ ಕೆರೆಯ ಏರಿ ದಾಟಿದ ಮೇಲೆ ಇರುವ ಹತ್ತಾರು ಮನೆಗಳು ಕೆರೆಹಿಂದೆ. ಊರಿನ ಅಡಿಕೆ ಸುಲಿಯುವವರು, ಗೊಬ್ಬರ ಹೊರುವವರು, ಸತ್ತ ದನ ಎಳೆಯಲು ಒಂದು ಕಾಲಕ್ಕೆ ಕರೆಸಿಕೊಳ್ಳುತ್ತಿದ್ದವರು ಅಲ್ಲಿಯವರು. ಪಲ್ಲವಿಗೆ ಅಪ್ಪ ಇಲ್ಲ. ಅಮ್ಮ ಕೊಪ್ಪದ ಕಡೆ ಕಾಫಿ ತೋಟದಲ್ಲಿ, ಕೂಲಿಯವರ ಲೈನುಮನೆಯಲ್ಲಿದ್ದಳು. ಅಜ್ಜಿ ಗುತ್ಯಮ್ಮ ಈ ಹುಡುಗಿಯನ್ನು ಸಾಕುತ್ತಿದ್ದಳು.

ಚೌತಿಯ ಹಿಂದಿನ ಶನಿವಾರ ಮಕ್ಕಳ ಸಂತೆ ಎಂದು ನಿಗದಿಯಾಯಿತು. ನೀವು ನೋಡಿರುತ್ತೀರಿ. ಶಾಲೆಯ ಅಂಗಳದಲ್ಲಿ ಮಕ್ಕಳು ಗೋಣಿ ಹಾಸಿ ಕೂತು ಸೊಪ್ಪು, ಕಾಯಿ, ತಿಂಡಿ ಮಾರುತ್ತಾರೆ. ಊರಿನವರು ಬಂದು ಚೌಕಾಶಿ ಮಾಡಿ ಕೊಳ್ಳುತ್ತಾರೆ. ಬರೀ ಕೆಸುವಿನೆಲೆ, ಸೌತೆಕಾಯಿ ತಂದಿಟ್ಟರೆ ಉದ್ಯಮವಾಗುವುದಿಲ್ಲ, ಕೈಯಾರೆ ಏನಾದರೂ ಮಾಡಿ ತರಬೇಕು, ಆಗಲೇ ಬೆಲೆ ಬರುವುದು ಎಂದು ಪ್ರಭಾಕರ ಮೇಷ್ಟ್ರು ಒತ್ತಿ ಹೇಳಿದ್ದರು. ಅವರು ಒಳ್ಳೆಯ ಮನುಷ್ಯ. ಕಾರ್ಯಕ್ರಮದ ಪುಸ್ತಕದಲ್ಲೂ ಹಾಗೇ ಬರೆದಿತ್ತು. ಆದರೆ ಆ ಪುಸ್ತಕ ಬರೆದವರಿಗೆ ನಮ್ಮ ಊರು ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು. ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ ನೋಡಿ. ಮಕ್ಕಳ ಸಂತೆ, ಅದರಲ್ಲೇನು ಎಂದುಕೊಂಡೆವು.

ಆ ಶನಿವಾರ ಬಿಟ್ಟುಬಿಟ್ಟು ಮಳೆ. ಶಾಲೆಯ ಜಗಲಿಯಲ್ಲೇ ಸಂತೆ ಕೂತಿತು. ಚಕ್ಕುಲಿ, ಕೋಡುಬಳೆ, ಹಲಸಿನ ಹಪ್ಪಳ, ಒಬ್ಬ ಹುಡುಗನ ಮಿಡಿ ಉಪ್ಪಿನಕಾಯಿ. ಜಗಲಿಯ ಮೂಲೆಯಲ್ಲಿ ಪಲ್ಲವಿಯ ಬಿದಿರು ಬುಟ್ಟಿ. ಬಾಳೆಲೆ ಹಾಸಿ, ಅದರ ಮೇಲೆ ಕಡುಬುಗಳನ್ನು ಎಲೆ ಸಮೇತ ಸಾಲಾಗಿ ಜೋಡಿಸಿ, ಬಿಳಿ ಬಟ್ಟೆ ಮುಚ್ಚಿದ್ದಳು. ಬಟ್ಟೆ ಸರಿಸಿದಾಗ ಇನ್ನೂ ಹಬೆ ಇತ್ತು. ಅಕ್ಕಿಹಿಟ್ಟು ತೆಳ್ಳಗೆ, ಹೂರಣದ ಬೆಲ್ಲ ಎಲ್ಲೂ ಹೊರಗೆ ಒಸರಿಲ್ಲ. ನಾನು ನಿಂತಲ್ಲೇ ಎರಡು ತಿಂದೆ. ಇಷ್ಟು ವರ್ಷ ಹಿಟ್ಟು ಕಲಸಿದ ಕೈ ನನ್ನದು. ಅಂಥ ಕಡುಬು ನನ್ನಿಂದ ಆಗುವುದಿಲ್ಲ.

"ಏಲಕ್ಕಿ ಕಮ್ಮಿ ಹಾಕೀರಿ," ಎಂದೆ.

"ಎಲೆ ವಾಸನೆ ಸಾಯ್ತದೆ ಅಂತ ಅಜ್ಜಿ ಹಾಕಲ್ಲ," ಎಂದಳು. ತಪ್ಪು ಹುಡುಕಲು ಹೋದವನಿಗೆ ಸಿಕ್ಕ ಉತ್ತರ.

ಜನ ಬಂದರು. ಈಗ ಒಂದು ವಿಷಯ ಹೇಳಬೇಕು. ಮಲೆನಾಡಿನವರು ಮುಖದ ಮೇಲೆ ಹೊಡೆದ ಹಾಗೆ ಬೇಡ ಅನ್ನುವವರಲ್ಲ. ಬೇಡ ಎಂಬುದಕ್ಕೆ ನಮ್ಮಲ್ಲಿ ನೂರು ಹೆಸರು.

"ಶನಿವಾರ ನಂದು ಒಪ್ಪತ್ತು ಮಾರಾಯ್ತಿ."

"ಸಿಹಿ ತಿನ್ನಂಗಿಲ್ಲ ಕಣೇ, ಶುಗರ್ರು."

ತೋಟದ ಮನೆಯ ಒಬ್ಬ ಅಮ್ಮ ಬಹಳ ಅಕ್ಕರೆಯಿಂದ, "ಎಷ್ಟು ಚಂದ ಜೋಡಿಸಿದ್ದೆ ಕೂಸೆ. ಈಗ ಹೊಟ್ಟೆ ತುಂಬಿ ಇದ್ದು, ಮತ್ತೆ ಬತ್ತೆ," ಎಂದರು. ಹೋಗುವಾಗ ದುಡ್ಡು ಬುಟ್ಟಿಯ ಪಕ್ಕದಲ್ಲಿಟ್ಟರು.

"ಕಡುಬು ತಗಳ್ಳಿ ಅಮ್ಮ."

"ಇರ್ಲಿ ಕೂಸೆ. ನೀನೇ ತಿನ್ನು. ಚಂದ ಓದು."

ಅಲ್ಲಿಂದ ಅದು ಶುರುವಾಯಿತು. ಒಬ್ಬರು ಮಾಡಿದ್ದನ್ನು ಕಂಡು ಇನ್ನೊಬ್ಬರಿಗೆ ದಾರಿ ಸಿಕ್ಕಿತು. ಬರುವವರೆಲ್ಲ ಮೂಲೆಗೆ ಬರುತ್ತಾರೆ, ಹುಡುಗಿಯ ತಲೆ ಸವರುತ್ತಾರೆ, ದುಡ್ಡು ಇಡುತ್ತಾರೆ, ಚಿಲ್ಲರೆ ಬೇಡ ಅನ್ನುತ್ತಾರೆ, ಹೋಗುತ್ತಾರೆ. ಅಡಿಕೆ ಮಂಡಿಯ ಗುಮಾಸ್ತ ಶಾಂತಪ್ಪ, ನನಗೆ ದೂರದ ಸಂಬಂಧಿ, ನಮ್ಮ ಜಾತಿಯವನೇ, ನೋಟೇ ಇಟ್ಟ. ಪ್ರಭಾಕರ ಮೇಷ್ಟ್ರು ಮಾತ್ರ, "ನಂಗೆ ಕಟ್ಟಿಕೊಡು, ಮನೆಗೆ ಒಯ್ತೀನಿ," ಎಂದು ಪೊಟ್ಟಣ ಕಟ್ಟಿಸಿಕೊಂಡರು. ಮಧ್ಯಾಹ್ನ ಸ್ಟಾಫ್ ರೂಮಿನ ಮೇಜಿನ ಮೇಲೆ ಆ ಪೊಟ್ಟಣ ಹಾಗೇ ಇತ್ತು. ಮರೆತರೋ ಏನೋ. ಮರೆತರೆಂದೇ ಇಟ್ಟುಕೊಳ್ಳೋಣ.

ಕೊನೆಗೆ ಮುಖ್ಯೋಪಾಧ್ಯಾಯಿನಿ ವನಮಾಲಾ ಮೇಡಂ ಎಲ್ಲರನ್ನೂ ಸೇರಿಸಿ ಬಹುಮಾನ ಹೇಳಿದರು. ಎಲ್ಲರಿಗಿಂತ ಹೆಚ್ಚು ವ್ಯಾಪಾರ ಮಾಡಿದವರಿಗೆ "ವರ್ಷದ ಬಾಲ ಉದ್ಯಮಿ" ಎಂಬ ಸರ್ಟಿಫಿಕೇಟು. ಹೆಚ್ಚು ದುಡ್ಡು ಸೇರಿದ್ದು ಪಲ್ಲವಿಯ ಹತ್ತಿರ. ಚಪ್ಪಾಳೆ ಬಿತ್ತು. ಮನಸಾರೆ ತಟ್ಟಿದರು, ಅದನ್ನು ಇಲ್ಲ ಅನ್ನಲಾರೆ. ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅದೇ ಕಷ್ಟ.

ಅವಳು ಸರ್ಟಿಫಿಕೇಟು ತೆಗೆದುಕೊಂಡು ಮೂಲೆಗೆ ವಾಪಸು ಬಂದಳು. ನಾನು ಅಲ್ಲೇ ನಿಂತಿದ್ದೆ.

"ಗೆದ್ದೆಯಲ್ಲೇ ಹುಡುಗಿ," ಎಂದೆ.

ಅವಳು ಬುಟ್ಟಿಯ ಬಟ್ಟೆ ಸರಿಸಿದಳು. ನಾನು ತಿಂದ ಎರಡು, ಮೇಷ್ಟ್ರು ಕಟ್ಟಿಸಿಕೊಂಡದ್ದು ಬಿಟ್ಟರೆ ಸಾಲು ಹಾಗೇ ಇತ್ತು. ಹಬೆ ಹೋಗಿ ಎಲೆಯ ಮೇಲೆ ನೀರು ನಿಂತಿತ್ತು.

"ತಟ್ಟೆ ನೋಡ್ಬೇಕು ಅಂದಿದ್ರಲ್ಲ ಮಂಜಣ್ಣ," ಎಂದಳು. "ನೋಡಿ."

ಸೋಮವಾರ ಬೆಳಿಗ್ಗೆ ಅವಳು ಹೋಟೆಲಿಗೆ ಬಂದಳು. ಒಳಗೆ ಬರಲಿಲ್ಲ, ಮೆಟ್ಟಿಲಿನ ಕೆಳಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತು ಕೇಳಿದಳು. "ನಮ್ಮ ಕಡುಬು ನಿಮ್ಮ ಕಪಾಟಲ್ಲಿ ಇಡ್ತೀರಾ?"

ನಾನು ಸಾವಿತ್ರಿಯ ಕಡೆ ನೋಡಿದೆ. ಅವಳು ದೋಸೆ ಹುಯ್ಯುತ್ತಿದ್ದವಳು ತಲೆ ಎತ್ತದೆ, "ಎಷ್ಟೊತ್ತಿಗೆ ತರ್ತೀಯ ಕೇಳಿ," ಎಂದಳು. ಅಷ್ಟೇ ನಮ್ಮ ಮನೆಯಲ್ಲಿ ಆದ ಚರ್ಚೆ.

ಮಾರನೇ ದಿನ ಗುತ್ಯಮ್ಮನೇ ಬಂದಳು. ಸಣ್ಣ ಜೀವ, ಅಡಿಕೆ ಸುಲಿದು ಸುಲಿದು ಕಪ್ಪಾದ ಬೆರಳು. ಅವಳದು ಒಂದೇ ಮಾತು. "ಅಯ್ಯಾ, ಹೆಸರು ಹೇಳ್ಬ್ಯಾಡಿ. ಎಲ್ಲಿದು ಅಂತ ಕೇಳಿದ್ರೆ ಎಲ್ಲಿದೋ ಒಂದು ಅನ್ನಿ. ಕಡುಬು ಹೋದ್ರೆ ಸಾಕು."

"ಯಾಕಜ್ಜಿ? ಹೇಳ್ಬೇಕು," ಎಂದಳು ಪಕ್ಕದಲ್ಲಿದ್ದ ಪಲ್ಲವಿ. "ಸರಕಿಗೆ ಹೆಸರು ಬೇಕು ಅಂತ ಕ್ಲಾಸಲ್ಲಿ ಹೇಳ್ಕೊಟ್ಟಿದಾರೆ."

"ಕ್ಲಾಸು ಕಟ್ಕಂಡು ಹೊಟ್ಟೆ ತುಂಬ್ತದಾ? ಸುಮ್ನಿರು."

ಅಜ್ಜಿಯ ಮಾತೇ ನಡೆಯಿತು. ಬೆಳಿಗ್ಗೆ ಮೊದಲ ಬಸ್ಸಿಗಿಂತ ಮುಂಚೆ ಪಲ್ಲವಿ ಸ್ಟೀಲಿನ ಡಬ್ಬಿ ತಂದು ಕೊಟ್ಟು ಶಾಲೆಗೆ ಹೋಗುವಳು. ನಾನು ಕಪಾಟಿನಲ್ಲಿ ಬನ್ನಿನ ಪಕ್ಕ ಜೋಡಿಸುವೆನು. ಬಸ್ಸು ಬಂದು ನಿಂತು ಹೋಗುವುದರೊಳಗೆ ಅರ್ಧ ಖಾಲಿ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದರೆ ಜನ ಕಡುಬು ಕಚ್ಚಿಕೊಂಡೇ ಹತ್ತುತ್ತಿದ್ದರು. ಶಾಂತಪ್ಪನಂತೂ ಮಂಡಿಗೆ ಹೋಗುವ ಮುಂಚೆ ದಿನವೂ ಬಂದು, "ತಗಿ ಮಾರಾಯ ಆ ಕಡುಬು," ಎಂದು ಬೆಂಚಿಗೆ ಕೂರುವನು. ಎಲೆಯನ್ನೂ ನೆಕ್ಕುವನು.

"ಯಾರ ಕೈದೋ ಇದು ಮಂಜ? ನಮ್ಮಮ್ಮ ಸತ್ತ ಮೇಲೆ ಇಂಥದ್ದು ತಿಂದಿರ್ಲಿಲ್ಲ. ಸಾವಿತ್ರಕ್ಕಂದಲ್ಲ, ಅವಳಿಗೆ ಇಷ್ಟು ತಾಳ್ಮೆ ಇಲ್ಲ."

"ನಿಮ್ಮ ಬಾಯಿಗೆ ದೋಸೆ ಹಿಟ್ಟು ಸುರೀಬೇಕು," ಎನ್ನುವಳು ಸಾವಿತ್ರಿ ಒಳಗಿನಿಂದ.

ನಾನು "ತಿನ್ನು, ಹೆಸರು ಕಟ್ಕಂಡು ಎಂತಕೆ" ಎನ್ನುವೆನು. ಅವನು ನಗುವನು, ಇನ್ನೊಂದು ಕೇಳುವನು.

ಆ ದಿನಗಳಲ್ಲಿ ಪಲ್ಲವಿಯ ಮುಖ ನೋಡಬೇಕಿತ್ತು. ಸಂಜೆ ಶಾಲೆ ಬಿಟ್ಟವಳು ನೇರ ಕಪಾಟಿನ ಮುಂದೆ ಬರುವಳು. ಗಾಜಿಗೆ ಮೂಗು ತಾಗಿಸಿ ಖಾಲಿ ತಟ್ಟೆ ನೋಡುವಳು. ಶನಿವಾರದ ಪೀರಿಯಡ್ಡಿನಲ್ಲಿ ಅವಳ ಪ್ರಶ್ನೆಗಳು ಬೆಳೆದವು. ದೀಪಾವಳಿ ಕಳೆದರೆ ಅರಿಶಿನ ಎಲೆ ಹಣ್ಣಾಗುತ್ತದಲ್ಲ, ಆಮೇಲೆ ಏನು ಮಾಡಿ ಮಾರಬೇಕು? ಬಾಳೆಲೆಯಲ್ಲಿ ಮಾಡಿದರೆ ಜನ ಒಪ್ಪುತ್ತಾರಾ? ಪ್ರಭಾಕರ ಮೇಷ್ಟ್ರಿಗೂ ಹುರುಪು. ತಾಲ್ಲೂಕಿನ ಸಭೆಯಲ್ಲಿ ನಮ್ಮ ಶಾಲೆಯ ಒಂದು ಹುಡುಗಿ ಆಗಲೇ ವ್ಯಾಪಾರ ಶುರುಮಾಡಿದ್ದಾಳೆ ಎಂದು ಹೇಳಿಕೊಂಡು ಬಂದರು.

ಒಂದು ಸಂಜೆ ಅವಳು ಕೇಳಿದಳು. "ಯಾರು ಮಾಡಿದ್ದು ಅಂತ ಯಾರಾದ್ರೂ ಕೇಳ್ತಾರಾ ಮಂಜಣ್ಣ?"

"ದಿನಾ ಕೇಳ್ತಾರೆ."

"ನೀವೇನಂತೀರಿ?"

"ನಿನ್ನಜ್ಜಿ ಏನು ಹೇಳಿದಾಳೋ ಅದೇ."

ಅವಳು ಗಾಜಿನೊಳಗಿನ ಖಾಲಿ ತಟ್ಟೆ ನೋಡಿದಳು. ಆಮೇಲೆ, "ನಂದೇ ಅಂಗಡಿ ಇಟ್ಟ ದಿನ ನಾನು ಎಲ್ಲಿ ಅಡಗಿಕೊಳ್ಳೋದು?" ಎಂದಳು. "ಅಂಗಡಿ ಒಳಗೆ ನಾನೇ ಕೂತಿರ್ತೀನಲ್ಲ. ಈಗ್ಲೇ ಗೊತ್ತಾಗ್ಲಿ. ಇಷ್ಟು ದಿನ ತಿಂದಿದಾರೆ. ರುಚಿ ಹತ್ತಿದೆ. ಈಗ ಬಿಡಲ್ಲ ಅವರು."

ಲೆಕ್ಕ ಸರಿ ಇತ್ತು. ನಾನೂ ಹಾಗೇ ನಂಬಿದೆ, ಸಾವಿತ್ರಿಯೂ ನಂಬಿದಳು. ನಾಲಿಗೆಗೆ ಹತ್ತಿದ ರುಚಿಯನ್ನು ಬಿಡಿಸಲು ಬ್ರಹ್ಮನಿಂದಲೂ ಆಗದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಅಡುಗೆ ಬಲ್ಲವಳು. ಗುತ್ಯಮ್ಮನನ್ನು ಒಪ್ಪಿಸಲು ಪಲ್ಲವಿ ಎರಡು ದಿನ ಊಟ ಬಿಟ್ಟಳಂತೆ.

ಡ್ರಾಯಿಂಗ್ ಹಾಳೆಯ ಮೇಲೆ ಅವಳೇ ಬರೆದಳು. ಒಂದು ಹಸಿರು ಎಲೆಯ ಚಿತ್ರ, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ: ಗುತ್ಯಮ್ಮನ ಅರಿಶಿನ ಎಲೆ ಕಡುಬು, ಕೆರೆಹಿಂದೆ, ಕಲ್ಲುಕೊಪ್ಪ. ಮಾರನೇ ಬೆಳಿಗ್ಗೆ ಅದನ್ನು ಕಪಾಟಿನ ಗಾಜಿಗೆ ಒಳಗಿನಿಂದ ಅಂಟಿಸಿದೆವು.

ಜಗಳ ಆಗುತ್ತದೆ ಎಂದುಕೊಂಡಿದ್ದೆ. ಬೈಗುಳಕ್ಕೆ ತಿರುಗಿ ಹೇಳಲು ನಾಲ್ಕು ಮಾತು ಜೋಡಿಸಿಯೂ ಇಟ್ಟುಕೊಂಡಿದ್ದೆ. ನಮ್ಮ ಅಜ್ಜ ಗೇಣಿ ಮಾಡಿದವರು. ಒಡೆಯರ ಮನೆಯ ಅಂಗಳದಲ್ಲಿ, ಜಗಲಿಯ ಕೆಳಗೆ ಎಲೆ ಹಾಕಿಸಿಕೊಂಡು ಉಂಡವರು, ಉಂಡ ಜಾಗಕ್ಕೆ ತಾವೇ ಸಗಣಿ ಸಾರಿಸಿ ಎದ್ದವರು. ಶಾಂತಪ್ಪನ ಅಜ್ಜನೂ ಅದೇ ಸಾಲಿನಲ್ಲಿ ಕೂತವನು. ಅದನ್ನು ನೆನಪಿಸಬೇಕೆಂದಿದ್ದೆ.

ಆದರೆ ಯಾರೂ ಏನೂ ಹೇಳಲೇ ಇಲ್ಲ. ಶಾಂತಪ್ಪ ಎಂದಿನಂತೆ ಬಂದ. "ತಗಿ ಮಾರಾಯ" ಎನ್ನುತ್ತ ಕೂತವನು ಹಾಳೆ ನೋಡಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಮತ್ತೆ ಓದಿದ.

"ಚಾ ಕೊಡು," ಎಂದ.

"ಕಡುಬು?"

"ಇವತ್ತು ಯಾಕೋ ಹೊಟ್ಟೆ ಸರಿ ಇಲ್ಲ."

ಚಾ ಕುಡಿದ. ಎದ್ದು ಹೋಗುವಾಗ ಚಾದ ದುಡ್ಡಿನ ಪಕ್ಕದಲ್ಲಿ ಕಡುಬಿನ ದುಡ್ಡನ್ನೂ ಇಟ್ಟ. "ಆ ಹುಡುಗಿಗೆ ಕೊಡು. ಓದ್ಲಿ," ಎಂದ.

"ಶಾಂತಪ್ಪ, ನಿನ್ನೆವರೆಗೆ ತಿಂದಿದ್ದು ಇದೇ ಕಡುಬು."

"ನಾನೇನಾದ್ರೂ ಅಂದ್ನಾ ಮಾರಾಯ?" ಎಂದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬೇಡಿಕೊಳ್ಳುವ ಹಾಗಿತ್ತು. ಮಳೆಗೆ ಕೊಡೆ ಬಿಚ್ಚಿ ಹೋದ.

ಬಸ್ಸು ಬಂತು, ಹೋಯಿತು. ಹೊರಗಿನವರು ನಾಲ್ಕಾರು ಜನ ತಿಂದರು. ಊರಿನವರು ಬನ್ನು ತಿಂದರು. ಮರುದಿನ ಬನ್ನೂ ಮುಟ್ಟಲಿಲ್ಲ, ಅದು ಕಡುಬಿನ ಪಕ್ಕದಲ್ಲಿತ್ತಲ್ಲ. ಆಮೇಲೆ ಚಾದವರೂ ಕಮ್ಮಿಯಾದರು. ಸರ್ಕಲ್ಲಿನ ಆಚೆ ಬದಿಯ ಕ್ಯಾಂಟೀನಿನಲ್ಲಿ ಬೆಂಚು ಸಾಲದೆ ಜನ ನಿಂತು ಕುಡಿಯುತ್ತಿದ್ದರು. ದಾರಿಯಲ್ಲಿ ಸಿಕ್ಕರೆ ಎಲ್ಲರೂ ಎಂದಿನಂತೆ "ಆರಾಮ ಮಂಜಣ್ಣ?" ಎಂದು ಕೇಳುತ್ತಿದ್ದರು. ಮಗಳ ಮದುವೆಯ ಕರೆಯೋಲೆ ಕೊಡಲು ಮನೆಗೇ ಬಂದವರೂ ಉಂಟು.

ಪಲ್ಲವಿಗೆ ನಾನು ಹೇಳಿರಲಿಲ್ಲ. ಉಳಿದದ್ದನ್ನು ಸಾವಿತ್ರಿ ಸಂಜೆಗೆ ಮುಂಚೆ ಒಳಗೆ ಎತ್ತಿಡುತ್ತಿದ್ದಳು. ಖಾಲಿ ತಟ್ಟೆ ಕಪಾಟಿನಲ್ಲಿ ಇಡುತ್ತಿದ್ದಳು. ಆದರೆ ಒಂದು ದಿನ ಜೋರು ಮಳೆಗೆ ಶಾಲೆ ಬೇಗ ಬಿಟ್ಟರು. ಅವಳು ಬಂದಾಗ ತಟ್ಟೆ ತುಂಬಿತ್ತು. ಗಲ್ಲಾದ ಹತ್ತಿರ, ಜನ ಬಿಟ್ಟುಹೋದ ಚಿಲ್ಲರೆ ಬಿದ್ದಿತ್ತು.

ಅವಳು ಎರಡನ್ನೂ ನೋಡಿದಳು. ಹೋಟೆಲಿನಲ್ಲಿ ಆಗ ನಾವು ಮೂವರೇ.

"ಯಾವಾಗಿಂದ?"

"ಎರಡು ದಿನ ಕಾಯಾಣ ಹುಡುಗಿ. ಜನಕ್ಕೆ ಅಭ್ಯಾಸ ಆಗ್ತದೆ. ನಾನು ತೆಗಿಯಲ್ಲ ಆ ಹಾಳೆ."

"ನೀವೆಷ್ಟು ತಿಂತೀರಿ ಮಂಜಣ್ಣ?" ಎಂದಳು. ಕೊಂಕು ಅಲ್ಲ. ನಿಜವಾಗಿಯೂ ಲೆಕ್ಕ ಕೇಳಿದ ಹಾಗೆ ಕೇಳಿದಳು. "ನೀವೂ ಅತ್ತಿಗೆನೂ ಸೇರಿ ಎಷ್ಟು ತಿಂತೀರಿ?"

ಅವಳೇ ಕಪಾಟಿನ ಬಾಗಿಲು ತೆಗೆದು, ಅಂಟು ಹರಿಯದ ಹಾಗೆ ನಿಧಾನಕ್ಕೆ ಹಾಳೆ ಬಿಡಿಸಿದಳು.

"ಹೆಸರಿಲ್ದೆ ಇಡಾಣ ಹಂಗಾರೆ. ಮೊದಲಿನ ಹಾಗೆ," ಎಂದಳು ಸಾವಿತ್ರಿ.

"ಇನ್ನು ಹೆಸರು ತೆಗೆದ್ರೂ ಗೊತ್ತಲ್ಲ ಅತ್ತಿಗೆ. ನಾಳಿಂದ ತರಲ್ಲ. ನಿಮ್ಮ ಚಾನೂ ಹಾಳಾಗ್ತದೆ." ಹಾಳೆಯನ್ನು ಸುರುಳಿ ಸುತ್ತಿದಳು. "ಅಜ್ಜಿ ಮೊದ್ಲೇ ಹೇಳಿತ್ತು. ಹಸೀದು ಮಾರಿ ಹೋಗ್ತದೆ ಮಗಾ, ನಮ್ಮ ಕೈಯಲ್ಲಿ ಬೆಂದದ್ದು ಹೋಗಲ್ಲ ಅಂತ. ನಂಗೆ ಅರ್ಥ ಆಗಿರ್ಲಿಲ್ಲ."

ಡಬ್ಬಿ ಎತ್ತಿಕೊಂಡು ಕೆರೆಯ ಏರಿಯ ಮೇಲೆ ನಡೆದಳು. ಅಷ್ಟು ಮಳೆಯಲ್ಲೂ ಕೊಡೆ ಬಿಚ್ಚಲಿಲ್ಲ.

ಶನಿವಾರದ ಪೀರಿಯಡ್ಡು ಮಾತ್ರ ನಡೆಯಿತು. ಪ್ರಭಾಕರ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ಪಲ್ಲವಿ ಕಿಟಕಿ ಪಕ್ಕದಲ್ಲೇ ಕೂರುತ್ತಿದ್ದಳು. ಪ್ರಶ್ನೆ ಕೇಳುತ್ತಿರಲಿಲ್ಲ. ಒಂದು ದಿನ ಮೇಷ್ಟ್ರು, "ಉದ್ಯಮಿಗೆ ಬೇಕಾದ ಮುಖ್ಯ ಗುಣ ಯಾವುದು?" ಎಂದು ಕೇಳಿದಾಗ ಹುಡುಗರೆಲ್ಲ ಒಟ್ಟಿಗೆ "ಆತ್ಮವಿಶ್ವಾಸ" ಎಂದು ಕೂಗಿದರು. ಅವಳ ತುಟಿಯೂ ಅಲ್ಲಾಡಿತು. ಆತ್ಮವಿಶ್ವಾಸವೆಂದಳೋ ಬೇರೆ ಏನಾದರೂ ಅಂದಳೋ ಕೇಳಿಸಲಿಲ್ಲ. ಸುಗ್ಗಿ ಬಂತು. ರಜಾದಿನಗಳಲ್ಲಿ ಅವಳು ಅಜ್ಜಿಯ ಜೊತೆ ಅಡಿಕೆ ಸುಲಿಯಲು ಹೋಗುವುದನ್ನು ಹೋಟೆಲಿನ ಮೆಟ್ಟಿಲಿನಿಂದ ಕಂಡೆ. ಅಜ್ಜಿ ಮುಂದೆ, ಅವಳು ಹಿಂದೆ, ಕೈಯಲ್ಲಿ ಮೆಟ್ಟುಗತ್ತಿ. ನನ್ನ ಕಡೆ ನೋಡಿ ನಕ್ಕಳು. ನಗದಿದ್ದರೆ ವಾಸಿಯಿತ್ತು.

ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಶಾಂತಪ್ಪನೂ ಬಂದ. ಕಪಾಟನ್ನು ಸಾವಿತ್ರಿ ಸೋಪು ಹಾಕಿ ತೊಳೆದಳೆಂದು ಯಾರೋ ಸುದ್ದಿ ಹಬ್ಬಿಸಿದ್ದರಂತೆ. ಅವಳು ತೊಳೆದಿರಲಿಲ್ಲ.

ಮುಂದಿನ ವರ್ಷ ಚೌತಿಗೆ ಮುಂಚೆ ಮತ್ತೆ ಮಕ್ಕಳ ಸಂತೆ. ಈ ಸಲ ವನಮಾಲಾ ಮೇಡಂ ನಿಯಮ ಮಾಡಿದ್ದರು. ಬೇಯಿಸಿದ ಪದಾರ್ಥ ತರುವಂತಿಲ್ಲ, ಶುಚಿತ್ವದ ದೃಷ್ಟಿಯಿಂದ. "ಯಾವ ಮಗುವಿಗೂ ಮುಜುಗರ ಆಗ್ಬಾರ್ದು ನೋಡಿ," ಎಂದು ನನ್ನ ಹತ್ತಿರ ಮಾತ್ರ ಹೇಳಿದರು. ಪಲ್ಲವಿ ಆಗ ಹತ್ತನೇ ಕ್ಲಾಸು. ಅದೇ ಬಿದಿರು ಬುಟ್ಟಿ ತಂದಿದ್ದಳು. ಅದರ ತುಂಬ ಹಸಿ ಅರಿಶಿನ ಎಲೆ, ಕಟ್ಟು ಕಟ್ಟಾಗಿ ಬಾಳೆನಾರಿನಲ್ಲಿ ಬಿಗಿದದ್ದು. ಜಗಲಿಯ ಮೂಲೆಯಲ್ಲಿ ಕೂರಲಿಲ್ಲ. ಗೇಟಿನಿಂದ ಬರುವವರಿಗೆ ಮೊದಲು ಕಾಣುವ ಜಾಗ ಹಿಡಿದಿದ್ದಳು.

ಜನ ಮುತ್ತಿದರು. ಚೌತಿಯ ನೈವೇದ್ಯಕ್ಕೆ ಎಲೆ ಎಲ್ಲರಿಗೂ ಬೇಕು. ತೋಟದ ಮನೆಯ ಅಮ್ಮ ಬಾಗಿ ಒಂದೊಂದೇ ಕಟ್ಟು ಮೂಸಿ ನೋಡಿ, "ಎಷ್ಟು ಅಗಲ ಇದ್ದು ಎಲೆ! ಇನ್ನೆರಡು ಕೊಡು ಕೂಸೆ," ಎಂದು ಚೀಲಕ್ಕೆ ತುಂಬಿದರು. ಪ್ರಭಾಕರ ಮೇಷ್ಟ್ರು ಕೊಂಡರು, ಮರೆಯಲಿಲ್ಲ. ಶಾಂತಪ್ಪ ಚೌಕಾಶಿ ಮಾಡಿದ. "ಹೊಳೆ ಬದಿಯಲ್ಲಿ ಪುಕ್ಕಟೆ ಬೆಳೆಯೋ ಎಲೆಗೆ ಇಷ್ಟಾ?"

"ಹಂಗಾರೆ ಹೊಳೆ ಬದಿಗೇ ಹೋಗಿ ಶಾಂತಪ್ಪಣ್ಣ," ಎಂದಳು ಪಲ್ಲವಿ. ಸುತ್ತ ಇದ್ದವರೆಲ್ಲ ನಕ್ಕರು. ಶಾಂತಪ್ಪನೂ ನಕ್ಕು ಅವಳು ಹೇಳಿದ್ದನ್ನೇ ಕೊಟ್ಟ. ಎಲ್ಲರಿಗಿಂತ ಮೊದಲು ಖಾಲಿಯಾದದ್ದು ಅವಳ ಬುಟ್ಟಿ.

ನಾನು ಹೋದಾಗ ಅವಳು ಬುಟ್ಟಿ ತಲೆಕೆಳಗು ಮಾಡಿ ಮಣ್ಣು ಕೊಡವುತ್ತಿದ್ದಳು.

"ನಂಗೊಂದು ಕಟ್ಟು ಇಡಲಿಲ್ವಲ್ಲೇ," ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಮನೆಗೂ ಇಟ್ಟಿಲ್ಲ ಮಂಜಣ್ಣ. ಹಿತ್ತಲಿಂದೆಲ್ಲ ಕೊಯ್ದುಬಿಟ್ಟೆ."

"ಮತ್ತೆ ಚೌತಿಗೆ ಕಡುಬು?"

"ಈ ಸಲ ಇಲ್ಲ," ಎಂದಳು. ಆ ಚೌತಿಯಿಂದ ನಾನೂ ಕಡುಬು ತಿಂದಿಲ್ಲ.

ಮಧ್ಯಾಹ್ನದ ಬಸ್ಸು ಬಂತು. ಸಂತೆಗೆ ಬಂದವರೆಲ್ಲ ಎಲೆಯ ಕಟ್ಟು ಕಂಕುಳಲ್ಲಿ, ಚೀಲದಲ್ಲಿ ಹಿಡಿದು ಹತ್ತಿದರು. ಕಂಡಕ್ಟರ್ ಬಾಗಿಲಲ್ಲಿ ಜೋತು, "ಏನ್ರೋ ಇದು, ನಮ್ಮ ಬಸ್ಸೇ ಕಡುಬಾಗೋಯ್ತಲ್ಲ!" ಎಂದು ಕೂಗಿದ. ಪಲ್ಲವಿಗೆ ಪೇಟೆಯಲ್ಲಿ ಅಜ್ಜಿಯ ಮಾತ್ರೆ ತರುವುದಿತ್ತು. ಅವಳು ಕೊನೆಗೆ ಹತ್ತಿದಳು. ಸೀಟಿರಲಿಲ್ಲ. ಎಲೆ ಹಿಡಿದವರ ನಡುವೆ ಕಂಬಿ ಹಿಡಿದು ನಿಂತು, ಖಾಲಿ ಬುಟ್ಟಿಯನ್ನು ಕಾಲಿನ ಸಂದಿಯಲ್ಲಿ ಇಟ್ಟುಕೊಂಡು, ಟಿಕೆಟಿಗೆ ಚಿಲ್ಲರೆ ಕೊಟ್ಟಳು. ಬಸ್ಸು ಹೊರಟಿತು.